ಕಪ್ಪು ಹಲ್ಲಿನ ಜ್ಯೋತಿಷ್ಯ

ಈ ವಾರ ಬೇರು ಮುರಿದ ಹಲ್ಲುಗಳ ವಿಚಾರ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಫ್ಲೋರಿಡಾದ ಪೀಸ್ ನದಿಯಲ್ಲಿ ಜರಡಿ ಹಿಡಿದು ಬಂದ ಓದುಗರೊಬ್ಬರು ಮೂರು ಶಾರ್ಕ್ ಹಲ್ಲುಗಳ ಫೋಟೊ ಕಳಿಸಿದ್ದಾರೆ. ‘ಒಂದು ಇದ್ದಿಲಿನಂತೆ ಕಪ್ಪಗಿದೆ, ಇನ್ನೊಂದು ಬೂದು. ಕಪ್ಪಗಿರುವುದೇ ಹಳೆಯದು ತಾನೆ?’

ಅಲ್ಲ ಸ್ವಾಮಿ! ಈ ಬಣ್ಣದ ಜ್ಯೋತಿಷಿಗಳಿಗೂ ನನಗೂ ಹಳೆಯ ಜಗಳ. ಹಲ್ಲು ಹೂತಿದ್ದ ಮಣ್ಣಿನಲ್ಲಿ ಎಂಥ ಖನಿಜವೋ ಅಂಥ ಬಣ್ಣ. ಪೀಸ್ ನದಿಯದು ಫಾಸ್ಫೇಟ್ ಸೀಮೆ, ಅಲ್ಲಿ ಕಪ್ಪು, ಬೂದುಗಳದೇ ಕಾರುಬಾರು. ಜೊತೆಗೆ ಸಿಕ್ಕಿದ್ದನ್ನು ನೋಡಿ ವಯಸ್ಸು ಹೇಳೋಣವೆಂದರೆ ಅದೂ ನಡೆಯದು. ನದಿ ಪದರಗಳನ್ನು ಕೊರೆದು ಎಲ್ಲವನ್ನೂ ಒಂದೇ ಗುಂಡಿಗೆ ಸುರಿಯುತ್ತದೆ. ಹಿಮಯುಗದ ಕುದುರೆಯ ದವಡೆಹಲ್ಲು, ಸುಮಾರು 36 ಲಕ್ಷ ವರ್ಷಗಳ ಹಿಂದೆಯೇ ಅಳಿದ ಮೆಗಲೊಡಾನ್ ಶಾರ್ಕಿನ ಹಲ್ಲಿನ ಚೂರು, ಎರಡೂ ಒಂದೇ ಬೊಗಸೆ ಜಲ್ಲಿಯಲ್ಲಿ.

ಅಂಚು ನೋಡಬೇಕು. ಇದ್ದಿಲುಗಪ್ಪಿನ ಹಲ್ಲಿನಲ್ಲಿ ಒರಟು ಗರಗಸವಿದೆ, ಆದರೆ ತುದಿ ಮುಟ್ಟುವ ಮೊದಲೇ ನಿಂತು ಮೊನೆ ನುಣುಪಾಗಿದೆ: ಹೆಮಿಪ್ರಿಸ್ಟಿಸ್ ಸೆರಾ, ಮೇಲ್ದವಡೆಯದು. ಬೂದು ಬಣ್ಣದ್ದು ಕೋಳಿಜುಟ್ಟಿನಂತೆ ಬಾಗಿದೆ, ಬಾಗಿದ ಕಡೆ ಆಳವಾದ ಕಚ್ಚು. ಟೈಗರ್ ಶಾರ್ಕ್ ಬಳಗ. ಮೂರನೆಯದು ಸವೆದ ತ್ರಿಕೋನ. ಕಾರ್ಕರೈನಸ್ ಕುಲದ್ದು ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಇಂಥದಕ್ಕೂ ‘ಬುಲ್ ಶಾರ್ಕ್’ ಚೀಟಿ ಅಂಟಿಸುವ ಧೈರ್ಯ ಮಾರುವವರಿಗುಂಟು, ನನಗಿಲ್ಲ.

ಬೇರಿನ ಮಾತಿಗೆ ಬರಬೇಕಿತ್ತು, ಆದರೆ ಸ್ಟೆನೊ ನೆನಪಾದ. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಸಿಕ್ಕ ಭಾರಿ ಶಾರ್ಕಿನ ತಲೆಯನ್ನು ಫ್ಲಾರೆನ್ಸಿನಲ್ಲಿ ಕೊಯ್ದು ನೋಡಿದವನು ಅವನು. ವಿಷಕ್ಕೆ ಮದ್ದೆಂದು ಜನ ನಂಬಿದ್ದ ಮಾಲ್ಟಾದ ‘ನಾಲಿಗೆ ಕಲ್ಲು’ಗಳು ಶಾರ್ಕಿನ ಹಲ್ಲುಗಳೇ ಇರಬೇಕೆಂದು ಮರುವರ್ಷ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಅವನ ವಾದದ ಸೊಗಸು ನೋಡಿ: ಗಟ್ಟಿ ನೆಲದಲ್ಲಿ ಬೆಳೆಯುವ ಗಿಡದ ಬೇರು ಸೊಟ್ಟಗಾಗುತ್ತದೆ, ಇವೂ ಕಲ್ಲಿನೊಳಗೇ ಬೆಳೆದಿದ್ದರೆ ಸೊಟ್ಟಗಾಗಬೇಕಿತ್ತಲ್ಲ, ಎಲ್ಲಿ ಅಗೆದರೂ ಒಂದೇ ರೂಪವೇಕೆ?

ಆ ಪುಸ್ತಕದಲ್ಲಿರುವ, ಬಾಯಿ ತೆರೆದ ಶಾರ್ಕಿನ ಪ್ರಸಿದ್ಧ ಚಿತ್ರ ಮಾತ್ರ ಸ್ಟೆನೊನದಲ್ಲ. ಪೋಪರ ಸಸ್ಯತೋಟ ನೋಡಿಕೊಳ್ಳುತ್ತಿದ್ದ ವೈದ್ಯ ಮಿಕೆಲೆ ಮೆರ್ಕಾಟಿ ಮಾಡಿಸಿದ್ದ ಅಚ್ಚು ಅದು. 1593ರಲ್ಲಿ ಅವನು ತೀರಿಕೊಂಡಾಗ ಅವನ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಶಾರ್ಕಿನ ತಲೆಯನ್ನೂ ಹಲ್ಲುಗಳನ್ನೂ ಒಂದೇ ಹಾಳೆಯ ಮೇಲೆ ಬರೆಸಿದವನು, ಹೋಲಿಕೆಯನ್ನು ಕಣ್ಣಾರೆ ಕಂಡವನು, ನಾಲಿಗೆ ಕಲ್ಲು ನೆಲದಲ್ಲೇ ಹುಟ್ಟಿದ ಕಲ್ಲು ಎಂದೇ ನಂಬಿದ್ದ.

ಬೇರು ಮುರಿದ ಹಲ್ಲುಗಳು ಮುಂದಿನ ವಾರ. ಈ ಸಲ ಖಂಡಿತ.