ಕಾಯುವವರ ಆಟ

‘ಬರಿ ಮೀ, ಮೈ ಲವ್’ ವೀಡಿಯೊ ಗೇಮ್‌ನಲ್ಲಿ ಬಂದೂಕಿಲ್ಲ, ಬೆನ್ನಟ್ಟುವ ಶತ್ರುವಿಲ್ಲ. ಇರುವುದು ಮೊಬೈಲ್ ಸಂದೇಶಗಳು ಮಾತ್ರ. ಫ್ರಾನ್ಸಿನ ‘ದಿ ಪಿಕ್ಸೆಲ್ ಹಂಟ್’ ಸಂಸ್ಥೆ 2017ರಲ್ಲಿ ಹೊರತಂದ ಈ ಆಟದಲ್ಲಿ ಸಿರಿಯಾದ ನೂರ್ ಯುರೋಪಿಗೆ ಹೊರಡುತ್ತಾಳೆ. ಪತಿ ಮಜ್ದ್ ಊರಲ್ಲೇ ಉಳಿಯುತ್ತಾನೆ. ಆಡುವವರು ಮಜ್ದ್‌ನ ಸ್ಥಾನದಲ್ಲಿ ನಿಂತು ಉತ್ತರಿಸಬೇಕು. ‘ನನ್ನನ್ನು ನೀನೇ ಮಣ್ಣು ಮಾಡು’ ಎಂಬರ್ಥದ ಶೀರ್ಷಿಕೆ ಸಿರಿಯಾದ ಆಡುಮಾತು. ನನಗಿಂತ ಮೊದಲು ನೀನು ಸಾಯಬಾರದು ಎಂಬ ಹಾರೈಕೆ ಅದು.

ನನ್ನನ್ನು ಹೆಚ್ಚು ಕಾಡಿದ್ದು ನೂರ್‌ಳ ಮೌನ. ಕೆಲವೊಮ್ಮೆ ಗಂಟೆಗಟ್ಟಲೆ ಆಕೆಯ ಸುದ್ದಿಯಿರುವುದಿಲ್ಲ. ನಾವು ಕೊಟ್ಟ ಸಲಹೆಯನ್ನು ಅವಳು ಕೇಳಲೇಬೇಕೆಂದೂ ಇಲ್ಲ. ನಿರಾಶ್ರಿತರನ್ನು ಬರೀ ಅಂಕಿ-ಸಂಖ್ಯೆಗಳಾಗಿ ಓದಿ ರೂಢಿಯಾದ ನಮಗೆ, ಮನೆಯಲ್ಲಿ ಕಾದು ಕುಳಿತವರ ಅಸಹಾಯಕತೆ ಇಲ್ಲಿ ಅರ್ಥವಾಗುತ್ತದೆ.

ಆದರೆ ಆಟಕ್ಕೆ 19 ಮುಕ್ತಾಯಗಳಿವೆ. ಕೆಲವದರಲ್ಲಿ ನೂರ್ ಗುರಿ ಮುಟ್ಟುತ್ತಾಳೆ, ಕೆಲವದರಲ್ಲಿ ಸಾಯುತ್ತಾಳೆ. ಎಲ್ಲವನ್ನೂ ನೋಡಿಬಿಡುವ ಹಟಕ್ಕೆ ಬಿದ್ದರೆ ಅವಳ ಸಾವೂ ಕೂಡಿಹಾಕುವ ವಸ್ತುವಾಗುತ್ತದೆ. ಕಾಯದೆ ಬೇಗ ಆಡಿ ಮುಗಿಸುವ ಸೌಲಭ್ಯವಂತೂ ಆಟದ ಜೀವಾಳವನ್ನೇ ಕಸಿದುಕೊಳ್ಳುತ್ತದೆ. ಸಮುದ್ರ ದಾಟುವ ನಿಜವಾದ ನಿರಾಶ್ರಿತರಿಗೆ ಎರಡನೆಯ ಸರದಿ ಇರುವುದಿಲ್ಲ. ಒಮ್ಮೆ ನಿಧಾನವಾಗಿ ಆಡಿ, ಬಂದ ಮುಕ್ತಾಯವನ್ನು ಒಪ್ಪಿಕೊಂಡು ನಿಲ್ಲಿಸುವುದೇ ಈ ಕಥೆಗೆ ಸಲ್ಲಿಸುವ ನ್ಯಾಯ.