ವೈಶಾಖದ ಎಣಿಕೆ

ಧಾರವಾಡದಿಂದ ಬೆಳಗಾವಿಯತ್ತ ಸಾಗುವ ಹೆದ್ದಾರಿಯ ಬದಿಗೆ, ಮುಮ್ಮಿಗಟ್ಟಿಯ ಆಸುಪಾಸಿನಲ್ಲಿ ಹಬ್ಬಿರುವ ಬೇಲೂರು ಕೈಗಾರಿಕಾ ಪ್ರದೇಶದೊಳಗೆ ಕಟ್ಟಡವಿನ್ನೂ ಏಳದ ನಿವೇಶನಗಳು ಶ್ರಾವಣದ ಮಳೆಗೆ ಮೊಣಕಾಲೆತ್ತರ ಹುಲ್ಲು ಹೊತ್ತು ನಿಂತಾಗ, ನಾಲ್ಕು ಕುರಿ ಸಾಕಿದವನ ಮನಸ್ಸು ನಲವತ್ತರತ್ತ ಓಡುವುದು ಸಹಜವೇ ಸರಿ. ಆದರೆ ಹಿಂಡಿನ ಪ್ರಮಾಣವನ್ನು ನಿರ್ಣಯಿಸತಕ್ಕ ಮಾಸ ಶ್ರಾವಣವಲ್ಲ, ವೈಶಾಖ. ನೆಲದ ಹುಲ್ಲೆಲ್ಲ ಸುಟ್ಟು, ಉದುರಿದ ಕರಿಜಾಲಿಯ ಕಾಯಿ ಮತ್ತು ಕೂಡಿಟ್ಟ ಶೇಂಗಾ ಹೊಟ್ಟು ಇವೆರಡೇ ಆಧಾರವಾಗಿ ಉಳಿದ ಆ ದಿನಗಳಲ್ಲಿ, ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಚೂಪಾಗಿ ತಾಗದ ಕುರಿಗಳೆಷ್ಟೋ ಅಷ್ಟೇ ಆ ಒಡೆಯನ ಯೋಗ್ಯತೆಗೆ ತಕ್ಕ ಹಿಂಡು. ಇಲ್ಲಂತೂ ನಿವೇಶನಕ್ಕೆ ಬೇಲಿ ಬೀಳುವ ಮೊದಲು ಕುರುಬನನ್ನು ಯಾರೂ ಕೇಳುವುದಿಲ್ಲವಾದ್ದರಿಂದ, ಒಂದು ಕೈ ಕಡಿಮೆ ಎಣಿಸುವುದೇ ಲೇಸು.

ಇಪ್ಪತ್ತು ಹೆಣ್ಣು ಕುರಿಗಳುಳ್ಳ ದಖ್ಖನಿ ಹಿಂಡೊಂದನ್ನು ತೆಗೆದುಕೊಳ್ಳೋಣ. ಈ ತಳಿಯಲ್ಲಿ ಅವಳಿ ವಿರಳ. ಐದು ತಿಂಗಳ ಗರ್ಭದ ಕೊನೆಗೆ ಸಾಮಾನ್ಯವಾಗಿ ಒಂದೇ ಮರಿ. ವರ್ಷಕ್ಕೆ ಹದಿನಾರು ಮರಿ ಬದುಕಿದರೆ ಎಂಟು ಹೆಣ್ಣು. ಎಂಟನ್ನೂ ಇಟ್ಟುಕೊಳ್ಳುತ್ತ ಹೋದರೆ ನಾಲ್ಕನೆಯ ವರ್ಷಕ್ಕೆ ಮೇವು ಸಾಲದು, ನಾಲ್ಕನ್ನಿಟ್ಟು ಮುದಿಯಾದ ನಾಲ್ಕನ್ನು ಕಳೆದರೆ ಹಿಂಡು ಇದ್ದಲ್ಲಿಯೇ ಇದ್ದು ವರ್ಷವರ್ಷಕ್ಕೂ ಉತ್ತಮವಾಗುತ್ತದೆ. ಯಾವ ನಾಲ್ಕು ಎಂಬಲ್ಲಿಯೇ ರಸಿಕತೆಯ ಪರೀಕ್ಷೆ. ದಪ್ಪ ಮರಿಯನ್ನು ಯಾರಾದರೂ ಆರಿಸಿಯಾರು; ಬಲ್ಲವನು ಮರಿಯನ್ನು ಬಿಟ್ಟು ತಾಯಿಯನ್ನು ನೋಡುತ್ತಾನೆ. ತಪ್ಪದೆ ಈದು, ಕೆಚ್ಚಲು ಕೆಡದೆ, ಹೆತ್ತದ್ದನ್ನು ಹಾಲು ಬಿಡುವವರೆಗೆ ಸಾಕಿದ ತಾಯಿಯ ಮಗಳು ಸಣ್ಣದಾಗಿದ್ದರೂ ಅದಕ್ಕೇ ಅಗ್ರಸ್ಥಾನ.

ಕಳೆಯಬೇಕಾದುದನ್ನು ಹಲ್ಲು ಹೇಳುತ್ತದೆ. ತುಟಿ ಬಿಡಿಸಿ ಕೆಳದವಡೆಯನ್ನು ನೋಡಿದರೆ ಸುಮಾರು ಒಂದೂವರೆ ವರ್ಷಕ್ಕೆ ಎರಡು ದೊಡ್ಡ ಹಲ್ಲು, ಆಮೇಲೆ ನಾಲ್ಕು, ಆರು, ನಾಲ್ಕು ವರ್ಷದ ಹೊತ್ತಿಗೆ ಎಂಟೂ ಕೂಡಿ ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ಹಲ್ಲು ಸವೆದು, ಸಂದು ಬಿಟ್ಟು, ಮುರಿಯತೊಡಗುತ್ತದೆ. ಸಂದು ಕಂಡ ವರ್ಷವೇ, ಮೈಯಲ್ಲಿ ಮಾಂಸವಿರುವಾಗಲೇ, ಕೆರೂರಿನದೋ ಅಮೀನಗಡದ್ದೋ ಸಂತೆಗೆ ಹೊಡೆದರೆ ಬೆಲೆ ಬರುತ್ತದೆ. “ಮುದುಕಿ ಆದ್ರೇನ್ರೀ, ಇನ್ನೊಂದು ಮರಿ ಹಾಕ್ತೈತ್ರಿ” ಎಂದು ಅದನ್ನು ಉಳಿಸಿಕೊಳ್ಳುವವರ ಅಂತಃಕರಣ ದೊಡ್ಡದು. ಆದರೆ ಆ ಕಡೆಯ ಮರಿಗೆ ಹಾಲು ಸಾಲದೆ ಬಾಟಲಿ ಹಿಡಿಯಬೇಕಾಗುವುದು ಬಹುಶಃ ಮನೆಯ ಹೆಂಗಸರೇ.

ಇನ್ನು ಟಗರಿನ ವಿಷಯ. 2022ರಲ್ಲಿ ಪ್ರಕಟವಾದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯ ಘಟಕವೆಂದರೆ ಇಪ್ಪತ್ತು ಕುರಿ, ಒಂದು ಟಗರು. ಮೇವಿನ ದೃಷ್ಟಿಯಿಂದ ಸೊಗಸಾದ ಈ ಸಂಖ್ಯೆ ವಂಶದ ದೃಷ್ಟಿಯಿಂದ ಅಪಾಯಕರ. ಹಿಂಡಿನಲ್ಲಿ ಹುಟ್ಟುವ ಪ್ರತಿ ಮರಿಯ ಅರ್ಧ ರಕ್ತವೂ ಆ ಒಂದೇ ಟಗರಿನದಾದ ಕಾರಣ, ತಳಿಶಾಸ್ತ್ರದ ಗಣಿತದಂತೆ ಇಪ್ಪತ್ತೊಂದು ಪ್ರಾಣಿಗಳ ಈ ಹಿಂಡು ನಾಲ್ಕು ಪ್ರಾಣಿಗಳಷ್ಟೂ ತೂಗುವುದಿಲ್ಲ: 3.8 ಮಾತ್ರ. ಇನ್ನೊಂದು ಟಗರನ್ನು ಸೇರಿಸಿದೊಡನೆ ಅದು 7.3ಕ್ಕೆ ಏರುತ್ತದೆ, ಹತ್ತು ಕುರಿಗಳನ್ನು ಸೇರಿಸಿದರೋ, 3.9ಕ್ಕೆ ತೆವಳುತ್ತದೆ. ಮೇಲಾಗಿ ಒಂದೂವರೆ ವರ್ಷದಲ್ಲಿ ಟಗರಿನ ಹೆಣ್ಣುಮಕ್ಕಳೇ ಬೆದೆಗೆ ಬರುತ್ತವೆ. ತಂದೆ ಮಕ್ಕಳ ಕೂಟದಿಂದ ಹುಟ್ಟುವ ಮರಿಯಲ್ಲಿ ಒಳಸಂತಾನದ ಅಂಶ ನೂರಕ್ಕೆ 25. ಸತ್ತು ಹುಟ್ಟುವ ಮರಿ, ಬೆಳೆಯದ ಮರಿ, ಗಬ್ಬ ನಿಲ್ಲದ ಕುರಿ ಇವೆಲ್ಲ ಹೆಚ್ಚುವುದು ಆಮೇಲೆ. ಒಡೆಯನು ಮಾತ್ರ ದೃಷ್ಟಿ ತಾಕಿತೆಂದು ದಾರ ಕಟ್ಟಿಸುತ್ತಾನೆ.

ಸಣ್ಣ ಹಿಂಡಿಗೆ ಎರಡು ಟಗರುಗಳ ಮೇವು ಭಾರವೆಂಬುದೂ ನಿಜವೇ. ಆದುದರಿಂದ ನೆರೆಹೊರೆಯ ನಾಲ್ವರು ಒಪ್ಪಂದ ಮಾಡಿಕೊಂಡು, ಮನೆಯಲ್ಲಿ ಹುಟ್ಟಿದ ಗಂಡು ಮರಿಗಳನ್ನೆಲ್ಲ ಬಕ್ರೀದಿನೊಳಗೆ ಮಾರಿ, ಎರಡು ವರ್ಷಕ್ಕೊಮ್ಮೆ ಟಗರುಗಳನ್ನು ಒಂದೇ ದಿಕ್ಕಿನಲ್ಲಿ ಮುಂದಿನ ಹಟ್ಟಿಗೆ ಸರಿಸುತ್ತ ಹೋಗುವುದು ಮೇಲು. ಸುತ್ತು ಮುಗಿದು ತನ್ನದು ತನ್ನ ಹಟ್ಟಿಗೆ ಬರಲು ಎಂಟು ವರ್ಷ ಬೇಕು, ಅಷ್ಟರಲ್ಲಿ ಆ ಟಗರಿನ ಬದಲು ಬೇರೊಂದು ಬಂದಿರುತ್ತದೆ. ಅದಲುಬದಲಿನ ದಿನವನ್ನು ಜ್ಯೇಷ್ಠದ ಮೊದಲ ಮಳೆಗೆ ಮುನ್ನವೇ ಇಟ್ಟುಕೊಳ್ಳಬೇಕು. ಹಸಿರು ಚಿಗುರಿ ಕುರಿಗಳು ಬೆದೆಗೆ ಬಂದ ಮೇಲೆ ಟಗರನ್ನು ಕೊಡಲು ಯಾವ ನೆರೆಯವನೂ ಒಪ್ಪಲಾರನು.