ತೆರೆಯ ಹಿಂದಿನ ದುಡಿಮೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲದಲ್ಲಿ ಲೈನಿನ ಮೇಲೊಂದು ಮರ ಬಿದ್ದರೆ ಕರೆಂಟೂ ಹೋಗುತ್ತದೆ, ಇಂಟರ್ನೆಟ್ಟೂ ಹೋಗುತ್ತದೆ. ಇಂಥ ಊರುಗಳ ಕಚೇರಿ ಕಂಪ್ಯೂಟರುಗಳನ್ನು ದೂರದಿಂದ ನೋಡಿಕೊಳ್ಳಲು, ಯಂತ್ರಗಳ ಸಂರಚನೆ ನಿರ್ವಹಿಸುವ ಪಪೆಟ್ (Puppet) ತಂತ್ರಾಂಶದ, ವಿಂಡೋಸ್ ಸರ್ವಿಸ್ ಆಗಿ ಓಡುವ ಏಜೆಂಟ್ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ವಾದ. ಯಾರೂ ಲಾಗಿನ್ ಆಗದಿದ್ದರೂ ಯಂತ್ರ ಆನ್ ಆದೊಡನೆ ವಿಂಡೋಸೇ ಅದನ್ನು ಶುರುಮಾಡುತ್ತದೆ. ಮುಂದೆ ಪ್ರತಿ 30 ನಿಮಿಷಕ್ಕೊಮ್ಮೆ ಅದು ಪಪೆಟ್ ಸರ್ವರನ್ನು ಕೇಳಿ, ಇರಬೇಕಾದ್ದಕ್ಕೂ ಇರುವುದಕ್ಕೂ ತಾಳೆ ನೋಡಿ, ವ್ಯತ್ಯಾಸವನ್ನಷ್ಟೇ ಸರಿಪಡಿಸುತ್ತದೆ: ನುಡಿ ತಂತ್ರಾಂಶ ಅಳಿಸಿಹೋಗಿದ್ದರೆ ಮತ್ತೆ ಹಾಕುತ್ತದೆ, ಪ್ರಿಂಟ್ ಸ್ಪೂಲರ್ ನಿಂತಿದ್ದರೆ ಓಡಿಸುತ್ತದೆ. ಸರ್ವರ್ ಸಿಗದಿದ್ದರೆ, ಹಿಂದಿನ ಬಾರಿ ಪಡೆದು ಡಿಸ್ಕಿನಲ್ಲಿಟ್ಟ ಕ್ಯಾಟಲಾಗನ್ನೇ, ಅಂದರೆ ಇರಬೇಕಾದ್ದರ ಪಟ್ಟಿಯನ್ನೇ, ಜಾರಿಗೊಳಿಸುತ್ತದೆ. ನೆಟ್‌ವರ್ಕ್ ನೆಚ್ಚಲಾಗದ ಮಲೆನಾಡಿಗೆ ಈ ಗುಣವೇ ದೊಡ್ಡದು.

ಸದಾ ಓಡುವ ಸರ್ವಿಸ್ ಹಳೆಯ ಯಂತ್ರದ ಮೆಮೊರಿ ತಿನ್ನುವುದಿಲ್ಲವೇ, ಶೆಡ್ಯೂಲ್ಡ್ ಟಾಸ್ಕ್ ಸಾಲದೇ ಎಂದು ಕೇಳುವವರಿದ್ದಾರೆ. ವಿಂಡೋಸಿನಲ್ಲಿ ಪಪೆಟ್ ಈ ಪ್ರಶ್ನೆಗೆ ಜಾಣತನದಿಂದ ಉತ್ತರಿಸಿದೆ. ಸರ್ವಿಸ್ ಕಾಯುತ್ತ ಕೂರುತ್ತದೆ. ಭಾರದ ಕೆಲಸವನ್ನು ಪ್ರತಿ ಸಲವೂ ಬೇರೊಂದು ಪ್ರಕ್ರಿಯೆ ಮಾಡಿ, ಮುಗಿಸಿ, ಮೆಮೊರಿ ಬಿಟ್ಟುಕೊಡುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಲೋಕಲ್ ಸಿಸ್ಟಮ್ ಖಾತೆಯ ಪೂರ್ಣ ಅಧಿಕಾರದಲ್ಲಿ ಓಡುವ ಏಜೆಂಟ್, ಸರ್ವರಿನಲ್ಲಿ ಬರೆದ ಒಂದು ತಪ್ಪು ಸಾಲನ್ನು ಎಲ್ಲ ಯಂತ್ರಗಳಲ್ಲೂ ಜಾರಿಗೊಳಿಸಬಲ್ಲದು. ಇದು ನಿಜ. ಆದ್ದರಿಂದಲೇ ಪಪೆಟ್‌ನಲ್ಲಿ ನೋ-ಆಪ್ (noop) ವಿಧಾನವಿದೆ. ಏನು ಬದಲಾಗುತ್ತಿತ್ತು ಎಂಬುದನ್ನಷ್ಟೇ ಅದು ವರದಿ ಮಾಡುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಮೊದಲು ಹೀಗೆ ಪರೀಕ್ಷಿಸಿ ಆಮೇಲೆ ಜಾರಿಗೆ ತರುವ ಶಿಸ್ತು ಇದ್ದರೆ, ಘಾಟಿ ಹತ್ತಿ ಬಂದು ಕೈಯಾರೆ ಮಾಡುವ ರಿಪೇರಿಗಿಂತ ಈ ದಾರಿಯೇ ಸುರಕ್ಷಿತ.